ಕೌದಿಯ ನಾಲ್ಕನೆಯ ಮೂಲೆ

ಆಗುವುದಿಲ್ಲ ಎಂದವಳು ನನ್ನ ಸೋದರತ್ತೆ. ಊರವರು ಅಂದಿದ್ದರೆ ನಾನು ಕಿವಿಗೆ ಹಾಕಿಕೊಳ್ಳುತ್ತಿರಲಿಲ್ಲ. ಅತ್ತೆ ನಮ್ಮ ಅಪ್ಪನ ಅಕ್ಕ. ಗಂಡ ತೀರಿದ ಮೇಲೆ ನರೋಣಾದ ನಮ್ಮ ಮನೆಯಲ್ಲೇ ಇದ್ದವಳು, ಓಣಿಯ ಅರ್ಧ ಮನೆಗಳಿಗೆ ಕೌದಿ ಹೊಲಿದುಕೊಟ್ಟವಳು. ಹಳೆ ಸೀರೆ, ಧೋತರ, ಹರಿದ ಅಂಗಿ ಏನೇ ತಂದುಕೊಡಲಿ, ಪದರ ಪದರ ಹಾಸಿ, ಅಂಚಿನಿಂದ ನಡುವಿನ ಕಡೆಗೆ ಸಾಲು ಸಾಲಾಗಿ ಹೊಲಿಯುತ್ತ ಬಂದು, ಎರಡು ತಲೆಮಾರು ಹೊದೆಯುವಂಥದ್ದನ್ನು ಮಾಡಿ ಕೊಡುತ್ತಿದ್ದಳು. ಕೊನೆಯ ವರ್ಷದ ಪರೀಕ್ಷೆಗೆ ನಾನು ಕೌದಿಯನ್ನೇ ಕೃತಿಯಾಗಿ ಕೊಡುತ್ತೇನೆ ಎಂದಾಗ ಅವಳು ಸೂಜಿ ನಿಲ್ಲಿಸಿ ನನ್ನ ಮುಖ ನೋಡಿದಳು.

“ಕೌದಿ ಹೊಲದು ಡಿಗ್ರಿ ತಗೊಂಡಾಕಿ ಇನ್ನ ಹುಟ್ಟಿಲ್ಲ ಬೇ. ಹಂಗ ಕೊಡೋದಾಗಿದ್ರ ನನಗ ಇಷ್ಟೊತ್ತಿಗೆ ಹತ್ತು ಕೊಡಬೇಕಾಗಿತ್ತು.”

ಅವಳ ಮಾತಿನಲ್ಲಿ ಕುಹಕ ಇರಲಿಲ್ಲ. ಗೊತ್ತಿದ್ದುದನ್ನು ಹೇಳಿದ್ದಳು, ಅಷ್ಟೆ. ನಮ್ಮ ಮನೆತನದಲ್ಲಿ ಹತ್ತನೆಯ ಇಯತ್ತೆ ದಾಟಿದವರೇ ಇರಲಿಲ್ಲ. ನಾನು ಗುಲಬರ್ಗಾದ ಒಂದು ಚಿತ್ರಕಲಾ ಕಾಲೇಜು ಸೇರಿ, ಹಾಸ್ಟೆಲ್ಲಿನಲ್ಲಿದ್ದು, ಕೊನೆಯ ವರ್ಷಕ್ಕೆ ಬಂದು, ಅಲ್ಲಿ ಒಮ್ಮೆ ಫೇಲಾಗಿದ್ದೆ. ಆ ಸಲದ ಪರೀಕ್ಷಕರು ನನ್ನ ತೈಲಚಿತ್ರಗಳ ಮುಂದೆ ನಿಂತು, ಇವನ್ನು ಎಲ್ಲೋ ನೋಡಿದಂತಿದೆಯಲ್ಲ ಎಂದಿದ್ದರು. ಅದು ಸುಳ್ಳಾಗಿರಲಿಲ್ಲ. ಕ್ಯಾಲೆಂಡರು ಮುಂದಿಟ್ಟುಕೊಂಡು ಬರೆದ ಚಿತ್ರಗಳು ಅವು. ಹೌದು ಎಂದು ಒಪ್ಪಿಕೊಳ್ಳುವ ಧೈರ್ಯವಿರದೆ, ಎಲ್ಲಾ ನಾನೇ ಕಲ್ಪಿಸಿದ್ದು ಎಂದು ಹೇಳಿದ್ದೆ. ಅಪ್ಪ ಬೈಯಲಿಲ್ಲ. ಇನ್ನೊಂದು ವರ್ಷ ನೋಡೋಣ, ಅದರಾಚೆ ಹಾಸ್ಟೆಲ್ಲು ಇಲ್ಲ ಎಂದ. ಅಪ್ಪ ಒಂದು ಮಾತನ್ನು ಎರಡು ಸಲ ಆಡುವವನಲ್ಲ.

ಆ ವರ್ಷ ಕಾಲೇಜಿನವರು ಕೊನೆಯ ವರ್ಷದವರ ಕೃತಿಗಳನ್ನು ಹಂಚಿ ಆಳಂದ, ಅಫಜಲಪುರ, ಜೇವರ್ಗಿ ಮೂರೂ ಕಡೆ ಪ್ರದರ್ಶನ ಇಟ್ಟರು. ತಾಲ್ಲೂಕಿನ ಜನವೂ ಚಿತ್ರ ನೋಡಲಿ ಎಂಬ ಆಸೆ. ಪರೀಕ್ಷಕರು ಒಂದೇ ದಿನ ಜೀಪಿನಲ್ಲಿ ಮೂರನ್ನೂ ನೋಡುವವರು. ನಾವು ವಿದ್ಯಾರ್ಥಿಗಳೂ ಅದೇ ದಿನ ಮೂರು ಕಡೆಯೂ ಹೋಗಿ, ನೋಡಿದ್ದನ್ನು ಟಿಪ್ಪಣಿ ಪುಸ್ತಕದಲ್ಲಿ ಬರೆದು, ಅಲ್ಲಲ್ಲಿನ ಮೇಷ್ಟ್ರ ಸಹಿ ಹಾಕಿಸಿಕೊಂಡು, ನಮ್ಮ ಕೃತಿ ಎಲ್ಲಿದೆಯೋ ಅಲ್ಲಿ ಪರೀಕ್ಷಕರು ಬರುವ ಹೊತ್ತಿಗೆ ಪಕ್ಕದಲ್ಲಿ ನಿಂತಿರಬೇಕು. ನನ್ನ ಗೆಳತಿಯ ಚಿತ್ರ ಆಳಂದದಲ್ಲಿತ್ತು, ನನ್ನ ಕೌದಿ ಜೇವರ್ಗಿಯಲ್ಲಿ. ಪ್ರತಿ ಕೃತಿಯ ಪಕ್ಕದಲ್ಲೂ ಒಂದು ಕಾರ್ಡು: ‘ಇದರ ಪ್ರತಿಯೊಂದು ಕೆಲಸವೂ ನನ್ನ ಸ್ವಂತ ಕೈಯದು.’ ಕೆಳಗೆ ನಮ್ಮ ಸಹಿ.

ನನ್ನ ಕೌದಿ ಎಂದರೆ ನಮ್ಮೂರಿನ ಹೊಲಗಳನ್ನು ಮೇಲಿನಿಂದ ನೋಡಿದಂತೆ. ಎರೆ ಮಣ್ಣಿಗೆ ಹಳೆ ಛತ್ರಿಯ ಬಟ್ಟೆ, ಹೂ ಬಿಟ್ಟ ತೊಗರಿಗೆ ಅವ್ವನ ಮಾಸಿದ ಹಳದಿ ಸೀರೆ, ಬದುಗಳಿಗೆ ಅಪ್ಪನ ಧೋತರದ ಕೆಂಪು ದಡಿ. ನಾಲ್ಕು ತಿಂಗಳು ಹೊಲಿದಿದ್ದೆ. ಪ್ರದರ್ಶನಕ್ಕೆ ಎರಡು ದಿನ ಮೊದಲು ಕಾಲೇಜಿನ ಟೆಂಪೊ ನರೋಣಾದ ಮನೆಗೇ ಬಂದು ಅದನ್ನು ಒಯ್ದಿತ್ತು.

ಆ ದಿನ ಬೆಳಿಗ್ಗೆ ಆಳಂದದ ಬಸ್ಸು ಹತ್ತಿ ಕೂತಿದ್ದೆ. ಅತ್ತೆ ಕಿಟಕಿಯ ಹತ್ತಿರ ಬಂದು ಕಡಕ್ ರೊಟ್ಟಿಯ ಗಂಟು ಕೊಟ್ಟಳು. ಕೊಟ್ಟವಳು ಹೋಗಲಿಲ್ಲ.

“ಕೌದಿ ಹಸದದ ಅಂತ ಚಿಂತಿ ಮಾಡಬ್ಯಾಡ. ನಾಕೂ ಮೂಲಿ ಖಾಲಿ ಮುಚ್ಚಿದ್ದಿ. ಟೆಂಪೊ ಬಂದ ದಿನ ನೀ ಜಳಕಕ್ಕ ಹೋದಾಗ ಒಂದು ಮೂಲಿ ಬಿಚ್ಚಿ, ಹೋಳಗಿ ಇಟ್ಟು ಹೊಲದೇನಿ. ಬೆಲ್ಲ ಜರಾ ಜಾಸ್ತೀನ ಹಾಕೇನಿ.”

ಬಸ್ಸು ಹೊರಟಿತು. ನಮ್ಮ ಮನೆಯಲ್ಲಿ ಕೌದಿಯ ಕೊನೆಯ ಮೂಲೆ ಮುಚ್ಚುವ ಮೊದಲು ಅದರೊಳಗೆ ಒಂದು ಚೂರು ಹೋಳಿಗೆ ಇಡುವ ಪದ್ಧತಿ. ಕೌದಿಗೆ ಉಣಿಸಿದರೆ ಅದನ್ನು ಹೊದ್ದವರು ಹಸಿದು ಮಲಗುವುದಿಲ್ಲ ಎಂದು. ಕಾಲೇಜಿಗೆ ಹೋಗುವ ಕೌದಿಗೆ ಅದೆಲ್ಲ ಯಾಕೆ ಎಂದು ನಾನು ಬಿಟ್ಟಿದ್ದೆ. ಯಾಕೆಂದರೆ ಯಾರಾದರೂ ಕೇಳಿದರೆ ಹೇಳಲು ನನಗೆ ನಾಚಿಕೆ. ಈಗ ಹೋಳಿಗೆ ಒಳಗಿತ್ತು, ಅದರ ಮೇಲೆ ಅತ್ತೆಯ ಹೊಲಿಗೆ, ಪಕ್ಕದ ಕಾರ್ಡಿನಲ್ಲಿ ಎಲ್ಲವೂ ನನ್ನ ಕೈಯದೇ ಎಂಬ ನನ್ನ ಸಹಿ.

ಆಳಂದದಲ್ಲಿ ಪ್ರದರ್ಶನವಿದ್ದ ಸಭಾಂಗಣದ ಬಾಗಿಲಲ್ಲೇ ಗೆಳತಿ ನಿಂತಿದ್ದಳು. ಅವಳು ಅದೇ ಊರಿನವಳು, ಕಂಪೌಂಡರ್ ಮಗಳು. ಯಾವುದಕ್ಕೂ ಹೆದರದೆ ಮೊದಲು ನಕ್ಕು ಆಮೇಲೆ ಯೋಚಿಸುವ ಸ್ವಭಾವ. ಆದರೆ ಅವತ್ತು ನಗಲಿಲ್ಲ, ಬಾಯಿ ಮೇಲೆ ಬೆರಳಿಟ್ಟು ಒಳಗೆ ತೋರಿಸಿದಳು. ಒಳಗೆ ಪರೀಕ್ಷಕರು ನಮ್ಮ ತರಗತಿಯ ಒಬ್ಬ ಹುಡುಗನ ಎತ್ತಿನ ಚಿತ್ರದ ಮುಂದೆ ನಿಂತಿದ್ದರು. ಮೈಸೂರಿನ ಕಡೆಯವರು, ಸಣ್ಣ ಆಳು, ಅಂಗಿಯ ಜೇಬಿನಲ್ಲಿ ಭೂತಗನ್ನಡಿ. ಎತ್ತಿನ ಕಾಲಿನ ಗೆರೆ ತೋರಿಸಿ, ಈ ಗೆರೆಯನ್ನು ಇನ್ನೊಮ್ಮೆ ಬರೆಯಿರಿ ಎಂದು ಅವನ ಕೈಗೆ ಕಾಗದ ಕೊಟ್ಟಿದ್ದರು. ಅವನು ಬರೆದ. ಅವರು ಎರಡನ್ನೂ ನೋಡಿದರು. ಮತ್ತೊಮ್ಮೆ ಬರೆಯಿರಿ ಎಂದರು. ಮೂರನೆಯ ಸಲ ಹುಡುಗ ಪೆನ್ಸಿಲ್ಲು ಕೆಳಗಿಟ್ಟ. ಬೋರ್ಡು ಬರೆಯುವ ತನ್ನ ಚಿಕ್ಕಪ್ಪ ಕಾಲುಗಳನ್ನು ತಿದ್ದಿಕೊಟ್ಟಿದ್ದ ಎಂದು ಒಪ್ಪಿಕೊಂಡ. ಪರೀಕ್ಷಕರು ದನಿ ಏರಿಸಲಿಲ್ಲ. ಕಾರ್ಡು ಕಿತ್ತು ತಮ್ಮ ಫೈಲಿನಲ್ಲಿಟ್ಟುಕೊಂಡು ಮುಂದಿನ ಚಿತ್ರಕ್ಕೆ ಹೋದರು. ಆ ಹುಡುಗ ಗೋಡೆಗೆ ಮುಖ ಮಾಡಿ ನಿಂತ.

ಗೆಳತಿಯ ಚಿತ್ರ ತೊಗರಿ ರಾಶಿ ಮಾಡುವ ಕಣದ್ದು, ಧೂಳಿನಲ್ಲಿ ಅರ್ಧ ಅಳಿಸಿಹೋದ ಹೆಂಗಸರು. ಅದರ ಮುಂದೆ ಪರೀಕ್ಷಕರು ಬಹಳ ಹೊತ್ತು ನಿಂತು, ಪಕ್ಕದ ಚಿತ್ರಕ್ಕೆ ಸರಿದರು. ಅವಳು ಉಸಿರು ಬಿಟ್ಟು ನನ್ನ ಕಡೆ ತಿರುಗಿದಳು. ನನ್ನ ಮುಖ ಯಾಕೆ ಹೀಗಿದೆ ಎಂದು ಕೇಳಿದಳು. ಹೇಳಿದೆ. ಮೊದಲು ಅವಳಿಗೆ ನಗು ಬಂತು, ತಡೆದುಕೊಂಡಳು.

“ಬೆಲ್ಲದ್ದೇನು? ಇರಿವಿ ಹತ್ತಿರ್ತಾವ ಬೇ ಇಷ್ಟೊತ್ತಿಗೆ.”

ಅದು ನನಗೆ ಹೊಳೆದಿರಲೇ ಇಲ್ಲ. ನಾನು ಹೊಲಿಗೆಯ ಬಗ್ಗೆ ಮಾತ್ರ ಹೆದರುತ್ತಿದ್ದೆ. ಇರುವೆಗಳು ಭೂತಗನ್ನಡಿಯವರನ್ನು ನೇರ ಆ ಮೂಲೆಗೇ ಕರೆದೊಯ್ಯುತ್ತವೆ. ಈಗಲೇ ಹೋಗಿ ಹೇಳಿಬಿಡಲೇ ಎಂದು ಎರಡು ಹೆಜ್ಜೆ ಇಟ್ಟೆ. ಗೋಡೆಗೆ ಮುಖ ಮಾಡಿದ್ದ ಹುಡುಗನ ಭುಜ ಅಲುಗುತ್ತಿತ್ತು. ನಿಂತುಬಿಟ್ಟೆ. ಅಲ್ಲಿನ ಮೇಷ್ಟ್ರ ಸಹಿ ಹಾಕಿಸಿಕೊಂಡು, ಗೆಳತಿ ನನ್ನ ತೋಳು ಹಿಡಿದು ಹೊರಗೆ ಎಳೆದಳು. ಅವರಿಗಿಂತ ಮೊದಲು ಜೇವರ್ಗಿ ಮುಟ್ಟೋಣ, ಮೂಲೆ ಬಿಚ್ಚಿ ನೀನೇ ಹೊಲಿ, ಆಮೇಲೆ ಕಾರ್ಡು ಸುಳ್ಳಾಗುವುದಿಲ್ಲ ಎಂದಳು. ಕೇಳಲು ಸರಿಯಾಗಿಯೇ ಇತ್ತು. ಎಲ್ಲೋ ತಪ್ಪಿದೆ ಎಂದೂ ಅನಿಸಿತು. ಯೋಚಿಸಲು ಸಮಯ ಇರಲಿಲ್ಲ, ಅಫಜಲಪುರದ ಬಸ್ಸು ಹೊರಡುತ್ತಿತ್ತು.

ಅಫಜಲಪುರ ಬಿಡುವಂತಿರಲಿಲ್ಲ. ಮೂರು ಸಹಿಗಳಲ್ಲಿ ಒಂದು ಇಲ್ಲದಿದ್ದರೂ ಪುಸ್ತಕ ತೆಗೆದುಕೊಳ್ಳುವುದಿಲ್ಲ ಎಂದು ಮೊದಲೇ ಹೇಳಿದ್ದರು. ನಾವು ತಲುಪಿದಾಗ ಮಧ್ಯಾಹ್ನ, ಸಹಿ ಹಾಕುವ ಮೇಷ್ಟ್ರು ಊಟಕ್ಕೆ ಹೋಗಿದ್ದರು. ಕಾಯುತ್ತ ಚಿತ್ರ ನೋಡಿದೆವು. ಚಿತ್ರ ನನ್ನ ಕಣ್ಣಿಗೆ ಬೀಳುತ್ತಿತ್ತು, ಒಳಗೆ ಇಳಿಯುತ್ತಿರಲಿಲ್ಲ. ಒಂದು ಮಾತ್ರ ಇವತ್ತಿಗೂ ನೆನಪಿದೆ. ಹಳೆಯ ಕೃಷಿ ಸಾಮಾನಿನ ತುಂಡುಗಳನ್ನು ಜೋಡಿಸಿ ಮಾಡಿದ ಕೂತ ಮುದುಕನ ಶಿಲ್ಪ. ಅದರ ಮುಂದೆ ಒಬ್ಬ ರೈತ ಬಗ್ಗಿ, ಮುದುಕನ ಮೊಣಕಾಲಾಗಿದ್ದ ನೇಗಿಲಿನ ಕುಳವನ್ನು ಬೆರಳಿನಿಂದ ಬಡಿದು ನೋಡಿ, ಇದು ಇನ್ನೂ ಎರಡು ವರ್ಷ ನಡೀತದ, ಯಾಕ ಕೆಡಿಸ್ಯಾರ ಎಂದು ಕೇಳಿದ. ಗೆಳತಿ ಅದನ್ನು ಹಾಗೆಯೇ ಟಿಪ್ಪಣಿ ಪುಸ್ತಕದಲ್ಲಿ ಬರೆದುಕೊಂಡಳು. ನನ್ನ ಪುಸ್ತಕದ ಆ ಪುಟದಲ್ಲಿ ಶಿಲ್ಪದ ಎತ್ತರ, ಅಗಲ ಮಾತ್ರ ಇವೆ.

ಮೇಷ್ಟ್ರು ಬಂದು ಸಹಿ ಹಾಕುವಾಗಲೇ ಜೀಪು ಬಂತು. ಪರೀಕ್ಷಕರು ಇಳಿದು, ನಮ್ಮ ಕೈಯ ಪುಸ್ತಕ ನೋಡಿ, ನಿಮ್ಮ ಕೃತಿ ಎಲ್ಲಿ ಎಂದು ನನ್ನನ್ನು ಕೇಳಿದರು. ನನ್ನದು ಜೇವರ್ಗಿಯಲ್ಲಿದೆ, ಕೌದಿ ಎಂದೆ. ಹಾಗಂದರೆ ಎಂದರು. ಹೊದ್ಕೊಳೋದ್ರಿ ಸರ್ ಎಂದು ಗೆಳತಿ ಹೇಳಿದಳು. ಅವರು ತಲೆಯಾಡಿಸಿ, ಸಂಜೆ ನೋಡೋಣ ಎಂದು ಒಳಗೆ ಹೋದರು. ಹೇಳಲು ಸಿಕ್ಕ ಎರಡನೆಯ ಅವಕಾಶ ಅದು. ಅದನ್ನೂ ಬಿಟ್ಟೆ.

ಗುಲಬರ್ಗಾಕ್ಕೆ ಹೋಗಿ ಅಲ್ಲಿ ಬಸ್ಸು ಬದಲಿಸಿ ಜೇವರ್ಗಿಗೆ ಹೋಗಬೇಕು. ಅತನೂರಿನಲ್ಲಿ ಮದುವೆಯ ದಿಬ್ಬಣವೊಂದು ಬಸ್ಸಿಗೆ ಕಾದು ನಿಂತಿತ್ತು. ಟ್ರಂಕು, ಹಾಸಿಗೆ ಸುರುಳಿ, ಹಂಡೆ ಎಲ್ಲ ಒಂದೊಂದಾಗಿ ಬಸ್ಸಿನ ಮೇಲೇರಿದವು. ಒಬ್ಬ ಮುದುಕಿ ಮಾತ್ರ, ತನ್ನ ತಮ್ಮ ಬರುವ ತನಕ ಹತ್ತುವುದಿಲ್ಲ ಎಂದು ಮೆಟ್ಟಿಲ ಮೇಲೆ ಒಂದು ಕಾಲಿಟ್ಟು ನಿಂತಳು. ಕಂಡಕ್ಟರು ಕೈ ಮುಗಿದರೂ ಕೇಳಲಿಲ್ಲ. ಅಷ್ಟರಲ್ಲಿ ಪಕ್ಕದಲ್ಲಿ ಹಾರ್ನ್ ಹೊಡೆಯುತ್ತ ಜೀಪು ದಾಟಿ ಹೋಯಿತು. ಮುಂದಿನ ಸೀಟಿನಲ್ಲಿ ಪರೀಕ್ಷಕರ ಬಿಳಿ ತಲೆ ಕಂಡಿತು. ಅಪ್ಪನಿಗೆ ಏನು ಹೇಳುವುದು ಎಂದು ಮನಸ್ಸಿನಲ್ಲೇ ಜೋಡಿಸತೊಡಗಿದೆ. ಫೇಲಾದೆ ಎಂದು ಒಂದು ಸಲ ಹೇಳಿ ರೂಢಿಯಾಗಿತ್ತು. ಅತ್ತೆ ಇಟ್ಟ ಹೋಳಿಗೆಯಿಂದ ಫೇಲಾದೆ ಎಂದು ಅವಳೆದುರಿಗೆ ಹೇಗೆ ಹೇಳುವುದು? ಅವಳು ಆಮೇಲೆ ಸೂಜಿ ಮುಟ್ಟುತ್ತಿರಲಿಲ್ಲ, ಅದು ನನಗೆ ಖಾತ್ರಿಯಿತ್ತು.

ಗುಲಬರ್ಗಾದಲ್ಲಿ ಓಡುತ್ತ ಹೋಗಿ ಜೇವರ್ಗಿಯ ಬಸ್ಸು ಹಿಡಿದೆವು. ನಿಂತೇ ಹೋದೆವು. ಭೀಮಾ ಸೇತುವೆಯ ಹತ್ತಿರ ಗೆಳತಿ ನನ್ನ ಪಕ್ಕೆಗೆ ತಿವಿದಳು. ಸೇತುವೆಯ ಈಚೆ ಜೀಪು ನಿಂತಿತ್ತು. ಪರೀಕ್ಷಕರು ಕಟಾಂಜನಕ್ಕೆ ಒರಗಿ, ಕೆಳಗಿನ ಮರಳು, ನೀರಿನ ಸಣ್ಣ ಗೆರೆ ನೋಡುತ್ತ ಚಿಕ್ಕ ಪುಸ್ತಕದಲ್ಲಿ ಏನೋ ಬರೆಯುತ್ತಿದ್ದರು. ಚಾಲಕ ಬೀಡಿ ಸೇದುತ್ತ ನಿಂತಿದ್ದ. ನಮ್ಮ ಬಸ್ಸು ಅವರನ್ನು ದಾಟಿತು.

“ಬರೀಲಿ ತಂದಿ, ಚಂದಾಗಿ ಬರೀಲಿ,” ಎಂದು ಗೆಳತಿ ಹಲ್ಲು ಕಚ್ಚಿ ಹೇಳಿದಳು.

ಜೇವರ್ಗಿ ಬಸ್ ನಿಲ್ದಾಣದಿಂದ ಸಭಾಭವನಕ್ಕೆ ಓಡುವುದೊಂದೇ ಬಾಕಿ ಎಂಬಂತೆ ನಡೆದೆವು. ಕೌದಿ ಬಾಗಿಲ ಎದುರಿನ ಗೋಡೆಯ ಮೇಲೇ ಇತ್ತು. ಗೋಡೆಗೆ ತೂಗುಹಾಕಿದ ಕೌದಿಯನ್ನು ನಾನು ಮೊದಲ ಸಲ ನೋಡಿದ್ದು ಆಗಲೇ. ಹೆಮ್ಮೆ ಪಡಬೇಕಾದ ಗಳಿಗೆ. ನನ್ನ ಕಣ್ಣು ಮಾತ್ರ ನೆಲದಿಂದ ಎದ್ದು ಗೋಡೆ ಹತ್ತಿ, ತೊಗರಿ ಹೊಲದ ಅಂಚು ಹಿಡಿದು, ಎಡಗಡೆಯ ಕೆಳ ಮೂಲೆಯೊಳಗೆ ನುಗ್ಗುತ್ತಿದ್ದ ಕೆಂಪಿರುವೆಯ ಸಾಲಿನ ಮೇಲಿತ್ತು. ಸಭಾಭವನದ ಜವಾನ, ಎರಡು ಸಲ ಕಸಬರಿಗೆಯಿಂದ ಬಳಿದೆ, ಮತ್ತೆ ಬರಾಕತ್ತಾವರಿ ಎಂದ. ಗೆಳತಿ ಎದುರಿನ ಟೇಲರ್ ಅಂಗಡಿಗೆ ಹೋಗಿ ಬ್ಲೇಡು, ಸೂಜಿ, ದಾರ ತಂದಳು.

ಮೂಲೆ ತಿರುಗಿಸಿ ನೋಡಿದಾಗ ಕೈ ಒಂದು ಗಳಿಗೆ ನಿಂತಿತು. ಅತ್ತೆಯ ಹೊಲಿಗೆ ಅಕ್ಕಿಯ ನುಚ್ಚಿನಷ್ಟು ಸಣ್ಣದು, ಒಂದರ ಹಿಂದೆ ಒಂದು, ಅಳೆದಂತೆ. ಅದರ ಪಕ್ಕದಲ್ಲಿ ನನ್ನ ಹೊಲಿಗೆ ಉದ್ದುದ್ದ, ಎಳೆಮಗು ಇಟ್ಟ ಹೆಜ್ಜೆಯ ಹಾಗೆ. ಒಂದು ಬದಿ ಬಿಚ್ಚಿದೆ. ಒಣಗಿದ ಹೋಳಿಗೆಯ ಚೂರು ಇರುವೆಗಳಿಂದ ಕೆಂಪಾಗಿತ್ತು. ಗೆಳತಿ ಅದನ್ನು ಕಾಗದದಲ್ಲಿ ಹಿಡಿದು ಹೊರಗೆ ಒಯ್ದಳು. ನಾನು ಮೂಲೆ ಝಾಡಿಸಿ, ದಾರ ಪೋಣಿಸಿ, ನಾಲ್ಕು ಹೊಲಿಗೆ ಹಾಕಿರಬೇಕು, ಹೊರಗೆ ಜೀಪು ನಿಂತ ಸಪ್ಪಳ. ಹೊಲಿ ಬೇ, ಹೊಲಿ ಎಂದು ಗೆಳತಿ ಬಾಗಿಲಿನಿಂದಲೇ ಪಿಸುಗುಟ್ಟಿದಳು. ತೂಗುಬಿಟ್ಟ ಬಟ್ಟೆಯಲ್ಲಿ ಸೂಜಿ ಸರಿಯಾಗಿ ಇಳಿಯುತ್ತಿರಲಿಲ್ಲ. ಬೆರಳಿಗೆ ಚುಚ್ಚಿಕೊಂಡೆ.

ಪರೀಕ್ಷಕರು ಬಂದು ನನ್ನ ಹಿಂದೆ ನಿಂತರು. ಕೈಯಲ್ಲಿ ಸೂಜಿ ಹಿಡಿದು ಮಂಡಿಯೂರಿದ್ದ ನನ್ನನ್ನು ನೋಡಿದರು, ಕಾರ್ಡು ಓದಿದರು.

“ಏನು ಮಾಡುತ್ತಿದ್ದೀರಿ?”

“ದಾರ ಬಿಚ್ಚಿತ್ತರಿ ಸರ್,” ಎಂದಳು ಗೆಳತಿ, ನನಗಿಂತ ಮೊದಲು.

ಅವರು ಸರಿ ಎಂದು ಮುಂದೆ ಹೋಗುತ್ತಿದ್ದರೇನೋ. ಆದರೆ ನನಗೆ ಹಿಂದಿನ ವರ್ಷದ ಕ್ಯಾಲೆಂಡರು ನೆನಪಾಯಿತು. ಎಲ್ಲಾ ನಾನೇ ಕಲ್ಪಿಸಿದ್ದು ಎಂದು ಹೇಳಿದ್ದೂ ನೆನಪಾಯಿತು.

“ಅಲ್ರಿ ಸರ್. ಈ ಮೂಲಿ ನಮ್ಮತ್ತಿ ಹೊಲದಿದ್ರು. ನನಗ ಗೊತ್ತಿರಲಿಲ್ಲ. ಒಳಗ ಹೋಳಗಿ ಇಟ್ಟಿದ್ರು, ಇರಿವಿ ಬಂದ್ವು. ನೀವು ಬರೋದ್ರಾಗ ಬಿಚ್ಚಿ ಹೊಲದು ಮುಚ್ಚಿಡಬೇಕಂತ ಮಾಡಿದ್ದೆ.”

ಗೆಳತಿ ಕಣ್ಣು ಮುಚ್ಚಿಕೊಂಡಳು. ಪರೀಕ್ಷಕರು ಕಾರ್ಡಿನ ಕಡೆ ಕೈ ಚಾಚಿದರು. ಬೆಳಿಗ್ಗೆ ಅದೇ ಕೈ ಆ ಹುಡುಗನ ಕಾರ್ಡು ಕಿತ್ತಿತ್ತು.

“ಮತ್ತೆ ಎಲ್ಲೆಲ್ಲಿ ಅವರ ಕೈ ಇದೆ?”

“ಈ ಮೂಲಿ ಅಷ್ಟರಿ.”

“ನಾನು ಹೇಗೆ ನಂಬಲಿ?”

“ಅವರ ಹೊಲಿಗಿ ನನ್ನಕಿಂತ ಭಾಳ ಚಂದ ಅದರಿ. ಈ ಬದೀಗಿ ಇನ್ನ ಬಿಚ್ಚಿಲ್ಲ, ನೋಡ್ರಿ. ಅಷ್ಟು ಚಂದಂದು ಮತ್ತೆಲ್ಲೂ ಸಿಗಂಗಿಲ್ಲ.”

ಅವರು ಭೂತಗನ್ನಡಿ ತೆಗೆದರು. ಅತ್ತೆಯ ಉಳಿದ ಹೊಲಿಗೆಯನ್ನು ನೋಡಿದರು. ಆಮೇಲೆ ಹೊಲ ಹೊಲ ದಾಟಿ, ಬದು ಬದು ಹಿಡಿದು ನನ್ನ ನಾಲ್ಕು ತಿಂಗಳನ್ನು ನೋಡಿದರು. ಎಷ್ಟು ಹೊತ್ತು ಎಂದು ಹೇಳಲಾರೆ. ಜವಾನನೂ ಕಸಬರಿಗೆ ಹಿಡಿದು ನಿಂತೇ ಇದ್ದ. ಕೊನೆಗೆ ಒಂದು ಕುರ್ಚಿ ಎಳೆದುಕೊಂಡು ಕೂತು, ಮುಗಿಸಿ, ನನ್ನೆದುರಿಗೇ ಹೊಲಿಯಿರಿ ಎಂದರು.

ತೂಗುಹಾಕಿ ಕೌದಿ ಹೊಲಿಯಲು ಬರುವುದಿಲ್ಲ, ನೆಲದ ಮೇಲೆ ಹಾಸಬೇಕು ಎಂದೆ. ಹಾಸಿ ಎಂದರು. ಗೆಳತಿಯೂ ನಾನೂ ಇಳಿಸಿ ನೆಲಕ್ಕೆ ಹಾಸಿದೆವು. ನಾನು ಮನೆಯಲ್ಲಿ ಕೂರುವ ಹಾಗೆ ಒಂದು ಕಾಲು ಮಡಚಿ ಕೌದಿಯ ಮೇಲೇ ಕೂತೆ. ಆಗ ಸೂಜಿ ಸರಿಯಾಗಿ ಇಳಿಯಿತು. ಹೊಲಿಯುತ್ತ ಬಂದೆ. ಇನ್ನು ಎರಡು ಬೆರಳಗಲ ಉಳಿದಾಗ ಸೂಜಿ ನಿಲ್ಲಿಸಿದೆ. ಮುಚ್ಚಿದರೆ ಆಯಿತು, ಎದ್ದು ಹೋಗಬಹುದು. ಕೈ ಮುಂದೆ ಹೋಗಲಿಲ್ಲ. ಗೆಳತಿಗೆ ಗಂಟು ಬಿಚ್ಚಿ ಕಡಕ್ ರೊಟ್ಟಿಯ ಒಂದು ಚೂರು ಕೊಡು ಎಂದೆ. ಈಗೇನು ನಿನಗೆ ಹಸಿವೆ ಎಂಬಂತೆ ಅವಳು ನೋಡಿದಳು. ಆಮೇಲೆ ತಿಳಿದು, ಉಗುರಿನಷ್ಟು ಮುರಿದು ಕೊಟ್ಟಳು. ಬೆಲ್ಲವಿಲ್ಲ, ಎಣ್ಣೆಯಿಲ್ಲ, ಒಣ ಜೋಳದ ರೊಟ್ಟಿ. ಅದನ್ನು ಮೂಲೆಯೊಳಗಿಟ್ಟು ಮುಚ್ಚಿದೆ.

“ಅದೇನು ಮತ್ತೆ?”

“ಖಾಲಿ ಮುಚ್ಚಬಾರದರಿ. ಹೊದ್ಕೊಂಡವರು ಹಸದು ಮಲಗಬಾರದು ಅಂತ.”

“ಇದನ್ನು ಕಾರ್ಡಿನಲ್ಲಿ ಯಾಕೆ ಬರೆದಿಲ್ಲ?”

ನಾಚಿಕೆಯಾಗಿತ್ತು ಎಂದೆ. ಅವರು ಕಾರ್ಡು ತೆಗೆದು, ಮೊದಲಿನ ಸಾಲಿನ ಮೇಲೆ ಗೆರೆ ಎಳೆದು, ಸರಿಯಾದದ್ದನ್ನು ಬರೆಯಿರಿ ಎಂದು ಪೆನ್ನು ಕೊಟ್ಟರು. ನಾಲ್ಕನೆಯ ಮೂಲೆಯ ಒಂದು ಬದಿ ಹೊಲಿದವರು ನನ್ನ ಸೋದರತ್ತೆ, ಉಳಿದದ್ದು ನಾನು, ಒಳಗೆ ರೊಟ್ಟಿಯಿದೆ ಎಂದು ಬರೆದೆ. ಅವರು ಓದಿ, ತಮ್ಮ ಫೈಲಿನಲ್ಲಿಡದೆ, ಅದನ್ನು ಮತ್ತೆ ಗೋಡೆಗೆ ಹಚ್ಚಿಸಿದರು. ಪಾಸೋ ಫೇಲೋ ಹೇಳದೆ ಮುಂದಿನ ಚಿತ್ರಕ್ಕೆ ಹೋದರು. ಗೆಳತಿ ನನ್ನ ಪಕ್ಕ ಗೋಡೆಗೊರಗಿ ಕೂತು, ಉಳಿದ ರೊಟ್ಟಿಯನ್ನು ಕಟಕಟ ಕಡಿಯತೊಡಗಿದಳು. ಬೆಳಿಗ್ಗೆಯಿಂದ ನಾವಿಬ್ಬರೂ ಏನೂ ತಿಂದಿರಲಿಲ್ಲ.

ಫಲಿತಾಂಶ ಬರುವ ತನಕದ ದಿನಗಳ ಬಗ್ಗೆ ಬರೆಯಲಾರೆ, ಅವನ್ನು ಅಪ್ಪನೂ ನಾನೂ ಒಬ್ಬರ ಮುಖ ಒಬ್ಬರು ನೋಡದೆ ಕಳೆದೆವು. ಬಂದಾಗ ನನ್ನ ನಂಬರು ಎರಡನೆಯ ದರ್ಜೆಯಲ್ಲಿತ್ತು, ಗೆಳತಿಯದು ಮೊದಲನೆಯದರಲ್ಲಿ. ಎತ್ತಿನ ಹುಡುಗ ಮರುವರ್ಷ ಮತ್ತೆ ಕೂತು, ತಾನೇ ಬರೆದ ವಕ್ರ ಕಾಲುಗಳ ಎತ್ತಿನಿಂದಲೇ ಪಾಸಾದ.

ಸರ್ಟಿಫಿಕೇಟು ಕೈಗೆ ಬಂದ ದಿನ ಅದನ್ನು ರಟ್ಟಿನ ನಡುವೆ ಇಟ್ಟುಕೊಂಡು ನರೋಣಾಕ್ಕೆ ಬಂದೆ. ಅತ್ತೆ ಪಡಸಾಲೆಯಲ್ಲಿ ಯಾರದೋ ಕೌದಿಗೆ ಬಟ್ಟೆ ಆರಿಸುತ್ತ ಕೂತಿದ್ದಳು. ಆ ದಿನ ಮೂಲೆ ಬಿಚ್ಚಿದ್ದನ್ನು ಅವಳಿಗೆ ಮೊದಲು ಹೇಳಿದೆ. ಇರುವೆಯ ಸುದ್ದಿಗೆ ನಗಲಿಲ್ಲ. ಮತ್ತೆ ಏನಿಟ್ಟು ಮುಚ್ಚಿದೆ ಎಂದಷ್ಟೇ ಕೇಳಿದಳು. ರೊಟ್ಟಿ ಎಂದೆ. ಬರೋಬ್ಬರಿ ಎಂದಳು. ಸರ್ಟಿಫಿಕೇಟನ್ನು ಅವಳ ಕೈಗೆ ಕೊಟ್ಟೆ. ಅವಳು ಮೊದಲು ಕೈಯನ್ನು ಸೆರಗಿಗೆ ಒರೆಸಿಕೊಂಡಳು. ಓದಲು ಬರುತ್ತಿರಲಿಲ್ಲ. ಕೌದಿ ನೋಡುವ ಹಾಗೆಯೇ ನಾಲ್ಕೂ ಮೂಲೆಗಳನ್ನು ಹೆಬ್ಬೆರಳಿನಿಂದ ಒಂದೊಂದಾಗಿ ಒತ್ತಿ ನೋಡಿದಳು.

“ಎಲ್ಲಾ ಮೂಲಿ ಖಾಲಿ ಅವ ಬೇ ಇದರಾಗ,” ಎಂದಳು. “ಇರ್ಲಿ. ಒಳಗ ಹೋಳಗಿ ಮಾಡಿಟ್ಟೇನಿ. ನಿನ್ನ ಪಾಲಿಂದು ಉಣ್ಣು, ಇದರ ಪಾಲಿಂದೂ ನೀನ ಉಣ್ಣು.”